ಭೂಮಿತಾಯಿಗೆ ಸಂತೆ ಬದನೆಕಾಯಿ

ಕಬ್ಬೂರಿನ ಆ ಮನೆಯಲ್ಲಿ ಜಗಳ ಹತ್ತಿದ್ದು ಒಂದು ಹುಳುಕು ಬದನೆಕಾಯಿಯಿಂದ.

ಎಂಬತ್ತೇಳನೇ ಇಸವಿಯ ಶೀಗಿ ಹುಣ್ಣಿಮೆ. ಆ ದಿನ ಹೊಲ ಬಸುರಿ ಹೆಂಗಸು. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿ, ಅವಳ ಬಯಕೆ ತೀರಿಸಿ ಬರಬೇಕು. ಐದು ಕಲ್ಲಿಟ್ಟು ಪೂಜೆ ಮಾಡಿ, ರೊಟ್ಟಿ, ಪಲ್ಯ, ಕಡುಬು, ಅನ್ನ ಎಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತ ಬರುವುದಕ್ಕೆ ಚರಗ ಎನ್ನುತ್ತಾರೆ. ಅದು ಆದ ಮೇಲೇ ಉಳಿದವರ ಊಟ.

ಗೌರಾಬಾಯಿ ಚರಗ ಕಲಸಲು ಎಣ್ಣೆಗಾಯಿಯ ಪಾತ್ರೆಯಿಂದ ಒಂದು ಬದನೆಕಾಯಿ ಎತ್ತಿ ಮುರಿದಳು. ಒಳಗೆ ಹುಳ ಬೆಂದು ಮಲಗಿತ್ತು. ಇನ್ನೊಂದು ಮುರಿದಳು. ಅದರಲ್ಲಿ ಎರಡು.

"ನೋಡ್ರಿ ಇಲ್ಲೆ," ಎಂದಳು ಗಂಡ ಧರೆಪ್ಪನಿಗೆ, ದನಿ ಮಾತ್ರ ಆಚೆ ಬದುವಿನ ಮೇಲೆ ಕುಳಿತವನಿಗೂ ಮುಟ್ಟುವಂತೆ. "ಇಷ್ಟು ಹೊಲಾ ಇಟಗೊಂಡು ಬಸರಿಗೆ ಸಂತಿ ಬದನಿಕಾಯಿ ತಿನಸಾಕತ್ತೇವಿ. ಅದೂ ಹುಳಾ ಹತ್ತಿದ್ದು. ಈ ತಾಯಿಗೆ ಗೊತ್ತಾದ್ರ ಉಗಳತಾಳ ನಮ್ಮ ಮಾರಿಗೆ."

ಬದುವಿನ ಮೇಲೆ ಕುಳಿತವನು ಬಾಬಾಸಾಹೇಬ, ಧರೆಪ್ಪನ ಅಣ್ಣ, ಮನೆಯ ಯಜಮಾನ. ಅವನೂ ಗೌರಾಬಾಯಿಗೆ ಉತ್ತರ ಕೊಡಲಿಲ್ಲ, ತಮ್ಮನಿಗೆ ಕೊಟ್ಟ. "ಧರೆಪ್ಪಾ, ನಿನ್ನ ಹೇಂತಿಗಿ ಹೇಳು, ಹುಳಾ ತಗದು ಚೆಲ್ಲಂತ. ಭೂಮಿತಾಯಿಗೇನು ಹಲ್ಲ ಅದಾವೇನು ನೋಡಿ ತಿನ್ನಾಕ?"

ಹೀಗೆ ಅವರ ಮಾತು. ಗೌರಾಬಾಯಿ ಆ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಅಷ್ಟು ವರ್ಷದಲ್ಲಿ ಭಾವನ ಜೊತೆ ಅವಳು ನೇರ ಒಂದು ಮಾತು ಆಡಿದವಳಲ್ಲ. ತಮ್ಮನ ಹೆಂಡತಿ ಗಂಡನ ಅಣ್ಣನಿಗೆ ಎದುರು ನಿಲ್ಲಬಾರದು, ಸೆರಗು ಇಳಿಸಬಾರದು, ಬಾಯಿಗೆ ಬಾಯಿ ಕೊಡಬಾರದು. ಹಾಗಂತ ಅವರಿಬ್ಬರು ಜಗಳವಾಡಲಿಲ್ಲವೆಂದಲ್ಲ. ಬೇಕಾದಷ್ಟು ಆಡಿದ್ದರು, ಎಲ್ಲ ಧರೆಪ್ಪನ ಮೂಲಕ. ಅವನು ಇಲ್ಲದಿದ್ದರೆ ಗೋಡೆಯ ಮೂಲಕ, ಗೋಡೆ ಇಲ್ಲದಿದ್ದರೆ ಎಮ್ಮೆಯ ಮೂಲಕ. "ನೋಡವಾ ಎಮ್ಮಿ, ಹಿಂಡಿ ಮುಗದು ಮೂರ ದಿನಾ ಆತು, ತರಾವರಿಗೆ ಹೊತ್ತ ಇಲ್ಲ" ಎಂದರೆ ಮಾರನೆಯ ದಿನ ಹಿಂಡಿ ಬರುತ್ತಿತ್ತು.

ಧರೆಪ್ಪ ಸಂಭಾವಿತ. ತಂಬಾಕು ತಿಕ್ಕುತ್ತ, ಎರಡೂ ಕಡೆಯ ಬೈಗುಳ ತನ್ನ ಮೇಲಿಂದ ಹಾರಿಹೋಗಲು ಬಿಡುತ್ತಿದ್ದ.

"ಹೇಳ್ರಿ ನಿಮ್ಮ ಅಣ್ಣಗ," ಎಂದಳು ಗೌರಾಬಾಯಿ. "ಮನಿ ಹಿಂದ ಅಷ್ಟು ದೊಡ್ಡ ಹಿತ್ತಲಾ ಬಿದ್ದೈತಿ. ಅಲ್ಲೆ ನಾಕ ಬದನಿಗಿಡಾ ಹಚ್ಚಿದ್ರ ಈ ಹಣೇಬರಾ ಇರ್ತಿದ್ದಿಲ್ಲ."

"ಹಿತ್ತಲದಾಗ ಟ್ರ್ಯಾಕ್ಟರ ಶೆಡ್ಡ ಬರೂದೈತಿ," ಎಂದ ಬಾಬಾಸಾಹೇಬ. ಆ ವರ್ಷವೇ ಕೆಂಪು ಟ್ರ್ಯಾಕ್ಟರ್ ತಂದಿದ್ದ. ಅದನ್ನು ಮನೆಯ ಮುಂದೆ ನಿಲ್ಲಿಸಿದರೆ ಹುಡುಗರು ಹತ್ತಿ ಸ್ಟೇರಿಂಗ್ ತಿರುವುತ್ತಾರೆಂದು ಅವನಿಗೆ ಸಂಕಟ. "ಕಾಯಿಪಲ್ಯಾ ಬೆಳೀಲಿಕ್ಕೆ ನಾವೇನು ಬಾಗವಾನರೇನು? ನಾವು ಕಬ್ಬಿನವ್ರು."

"ಕಬ್ಬಿನವ್ರು ಕಬ್ಬಿನ ಒಣಾ ರವುದಿ ತಿನ್ನತಾರೇನು, ಕೇಳ್ರಿ."

ಬಾಬಾಸಾಹೇಬನ ಹೆಂಡತಿ ತಾರವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಹೆದರಿದಳೋ ತಿಳಿಯಲಿಲ್ಲ. ಆದರೆ ಕಬ್ಬು ಕಡಿಯಲು ಮಾತಾಡಿಕೊಂಡಿದ್ದ ಆಳುಗಳು ಬದುವಿನಾಚೆ ನಕ್ಕದ್ದು ಎಲ್ಲರಿಗೂ ಕೇಳಿಸಿತು. ಬಾಬಾಸಾಹೇಬನ ಕಿವಿ ಕೆಂಪಾಯಿತು. ಸಕ್ಕರೆ ಫ್ಯಾಕ್ಟರಿಯವರ ಜೊತೆ, ನಿಪ್ಪಾಣಿ ಕಡೆಯವರ ಜೊತೆ ಕುಳಿತೆದ್ದು ಅವನಿಗೆ ಸಿಟ್ಟು ಬಂದಾಗ ಮರಾಠಿ ಬರುತ್ತಿತ್ತು.

"ಬಘೂಯಾ!" ಎಂದ. "ನೋಡೇಬಿಡೂನು. ಮುಂದಿನ ಶೀಗಿ ಹುಣ್ಣಿಮಿಗೆ ಹಿತ್ತಲದಾಗಿನ ಐದು ಪಲ್ಯಾ ಈ ಬುಟ್ಟ್ಯಾಗ ಬರ್ಲಿ. ಹಿತ್ತಲಾ ಆಕೀದು, ನಾ ಅತ್ತಾಗ ಕಾಲ ಇಡೂದಿಲ್ಲ. ಬರ್ಲಿಲ್ಲಂದ್ರ ಮರುದಿನಾ ಶೆಡ್ಡ ಏಳತೈತಿ. ಮತ್ತ ಆಕಿ ಬಾಯಿ ಮುಚ್ಚಬೇಕು, ಕಾಯಮ್ಮಾಗಿ."

"ಆತಂತ ಹೇಳ್ರಿ," ಎಂದಳು ಗೌರಾಬಾಯಿ. ಹುಳದ ಬದನೆಕಾಯಿಯನ್ನು ದೂರ ಎಸೆದಳು. ಅದನ್ನು ಕಾಗೆ ಸಹ ಮುಟ್ಟಲಿಲ್ಲ.

ಒಂದು ಹಿತ್ತಲಿಗಾಗಿ ಇಷ್ಟು ಹಟ ಯಾಕೆ ಎಂದು ಊರಿನವರು ಕೇಳಿದರು. ಕೇಳುವವರಿಗೇನು? ಆ ಮನೆಯಲ್ಲಿ ಕಬ್ಬು ಬಾಬಾಸಾಹೇಬನದು, ಬಾವಿ ಅವನದು, ಚೀಲದ ಜೋಳ ಅವನು ಅಳೆದು ಕೊಟ್ಟದ್ದು. ಒಂದು ಸಿವುಡು ಕೊತ್ತಂಬರಿ ಬೇಕಾದರೂ ಗೌರಾಬಾಯಿ ಗಂಡನಿಗೆ ಹೇಳಿ, ಗಂಡ ಅಣ್ಣನಿಗೆ ಹೇಳಿ, ಅಣ್ಣ ಚಿಕ್ಕೋಡಿ ಸಂತೆಗೆ ಹೋಗುವವರಿಗೆ ಹೇಳಿ, ಅದು ಬರುವಷ್ಟರಲ್ಲಿ ಬಾಡಿ ಹಳದಿಯಾಗಿರುತ್ತಿತ್ತು. ತನ್ನ ಕೈಯಿಂದ ಒಂದು ಮೆಣಸಿನಕಾಯಿ ಹರಿದು ತನ್ನ ಒಗ್ಗರಣೆಗೆ ಹಾಕುವ ಜಾಗ ಅವಳಿಗೆ ಬೇಕಾಗಿತ್ತು. ಅದಕ್ಕೆ ಯಾರನ್ನೂ ಕೇಳಬಾರದು. ಅಷ್ಟೇ.

ಬೇಸಿಗೆ ಮುಗಿಯುವುದರೊಳಗೆ ಬಾಬಾಸಾಹೇಬ ಹಿತ್ತಲಲ್ಲಿ ನಾಲ್ಕು ಕಬ್ಬಿಣದ ಕಂಬ ನೆಡಿಸಿಬಿಟ್ಟ. ನೆಟ್ಟವನು ವೆಲ್ಡಿಂಗ್ ಮಾಡುವ ಮಲಕಾರಿ. ಅವನನ್ನು ಗೌರಾಬಾಯಿ ಕೇಳಿದಳು, "ಇನ್ನೂ ಹುಣ್ಣಿಮಿ ಭಾಳ ದೂರ ಐತೆಲ್ಲೋ?"

"ಸಾವಕಾರ್ರು ಶೆಡ್ಡ ಹೆಂಗೂ ಬರೂದ ಐತಿ, ಕಂಬರೇ ನಿಂದರ್ಲಿ ಅಂದ್ರಿ ಅಕ್ಕಾರ."

"ನಿಂದರ್ಲಿ ನಿಂದರ್ಲಿ. ನನಗೂ ಹಂದರಕ್ಕ ಬೇಕಾಗಿದ್ವು."

ಮೊದಲ ಮಳೆಗೆ ಅವಳು ಹಿತ್ತಲ ಕಡಿದಳು. ಜಾಲಿಮುಳ್ಳು, ಒಡೆದ ಹಂಚು, ಹಳೇ ಟೈರು ಎಲ್ಲ ಹೊರಗೆ ಹಾಕಿದಳು. ಸಂತೆಯಿಂದ ಬೀಜ ತರಿಸಿದಳು: ಬದನೆ, ಟೊಮ್ಯಾಟೊ, ಬೆಂಡೆ, ಮೆಣಸು, ಹೀರೆ. ಕಂಬಗಳ ಬುಡಕ್ಕೆ ಅವರೆ ಊರಿದಳು. ಮೂಲೆಯಲ್ಲಿ ಒಂದು ಹಿಡಿ ಪುಂಡಿ ಬೀಜ ಚೆಲ್ಲಿದಳು, ಅದಕ್ಕೆ ಯಾರೂ ಲೆಕ್ಕ ಇಡದಂತೆ.

ಕಾಯಿಪಲ್ಯೆ ಬೆಳೆಯುವುದು ಅವಳಿಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲವೆಂದು ಅವಳಿಗೆ ಗೊತ್ತಿರಲಿಲ್ಲ, ಅಲ್ಲಿಯೇ ಎಡವಟ್ಟು. ತವರಿನಲ್ಲಿ ಕಬ್ಬು, ಗಂಡನ ಮನೆಯಲ್ಲಿ ಕಬ್ಬು. ಕಬ್ಬಿಗೆ ಏನು ಮಾಡುತ್ತಾರೆ? ಸಾಲಿಗೆ ಮಣ್ಣಿನ ಬೋದು ಏರಿಸುತ್ತಾರೆ, ಯೂರಿಯಾ ಹಾಕುತ್ತಾರೆ, ಮೋಟರು ಹಚ್ಚಿ ನೀರು ಬಿಡುತ್ತಾರೆ, ಹೊಲ ಕೆರೆಯಂತೆ ನಿಲ್ಲುತ್ತದೆ, ಕಬ್ಬು ಆಕಾಶಕ್ಕೆ ಏರುತ್ತದೆ. ಅವಳೂ ಹಾಗೇ ಮಾಡಿದಳು. ಗೊಬ್ಬರದ ಖೋಲಿಯಿಂದ ಯೂರಿಯಾ ಬುಟ್ಟಿಯಲ್ಲಿ ತಂದು ಒಂದೊಂದು ಗಿಡದ ಬುಡಕ್ಕೆ ಒಂದೊಂದು ಹಿಡಿ ಸುರಿದಳು. ಕೆಲವು ಸಸಿ ಆಗಲೇ ಸುಟ್ಟು ಸತ್ತವು. ಉಳಿದವು ಗೂಳಿಯಂತೆ ಕೊಬ್ಬಿದವು. ಕರೆಂಟು ಇದ್ದಾಗಲೆಲ್ಲ ಪೈಪಿನ ನೀರು ಬಿಟ್ಟಳು.

ಆಷಾಢದಲ್ಲಿ ನೋಡಬೇಕಿತ್ತು ಆ ಹಿತ್ತಲ! ಬದನೆ ಎಲೆ ಎಂದರೆ ಊಟಕ್ಕೆ ಹಾಸಬಹುದು. ಟೊಮ್ಯಾಟೊ ಗಿಡ ಎದೆಯೆತ್ತರ. ಅವರೆಬಳ್ಳಿ ಕಂಬದ ತುದಿ ಮುಟ್ಟಿ ಗಾಳಿಯಲ್ಲಿ ಇನ್ನೊಂದು ಕಂಬ ಹುಡುಕುತ್ತಿತ್ತು. ನೆರೆಮನೆಯ ಹೆಂಗಸರು ಗೋಡೆಯ ಮೇಲಿಂದ ಇಣುಕಿ, "ಏನ ಹಾಕೀಯವಾ ಗೌರಕ್ಕಾ?" ಎಂದು ಕೇಳಿದರೆ, ಅವಳು ಸೆರಗು ಸಿಗಿಸಿ, "ಹಟಾ ಹಾಕೇನಿ" ಎನ್ನುತ್ತಿದ್ದಳು.

ಶ್ರಾವಣ ಬಂತು, ಸರಿಯತೊಡಗಿತು. ಬದನೆಗೆ ಹೂವಿಲ್ಲ. ಹೀರೆಗೆ ಹೂವಿಲ್ಲ. ಟೊಮ್ಯಾಟೊಗೆ ನಾಲ್ಕು ಹೂ ಬಂದವು, ಉದುರಿದವು. ಬೆಂಡೆ ಗಿಡ ಎತ್ತರವಾಗಿ ಗಾಳಿಗೆ ಮಲಗಿತು. ಹಸಿರು, ಬರೀ ಹಸಿರು.

ಬಾಬಾಸಾಹೇಬ ಒಂದು ಮುಂಜಾನೆ ಹಲ್ಲುಜ್ಜುತ್ತ ಹಿತ್ತಲ ಬಾಗಿಲಿಗೆ ಬಂದು ನಿಂತ. ಕಟ್ಟಿಹಾಕಿದ ಎಮ್ಮೆಯ ಕಡೆ ತಿರುಗಿ ಹೇಳಿದ: "ನಿಂದ ನಸೀಬವಾ ಎಮ್ಮಿ. ಈ ವರ್ಷ ಮೇವಿಗೆ ಕಡಿಮಿ ಇಲ್ಲ."

ಗೌರಾಬಾಯಿಗೆ ಮೈಯೆಲ್ಲ ಉರಿ ಎದ್ದಿತು. ಅವನು ಒಳಗೆ ಹೋದ ಮೇಲೆ ಎದುರಿಗಿದ್ದ ಬದನೆ ಗಿಡದ ಎಲೆ ಹಿಡಿದು ಜಗ್ಗಿ, "ಮೂರಾಬಟ್ಟಿ! ತಿಂದಿದ್ದೆಲ್ಲಾ ಎಲ್ಲಿ ಹಾಕಿದಿ?" ಎಂದು ಅದನ್ನೇ ಬೈದಳು.

ಹಿಂದಿನಿಂದ ನಗು ಕೇಳಿಸಿತು. ಹೊಸ್ತಿಲ ಮೇಲೆ ಅತ್ತೆ ಅಕ್ಕವ್ವ ಕುಳಿತಿದ್ದಳು. ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿ, ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದಳು. ಸೊಸೆಗೂ ಅವಳಿಗೂ ಅಷ್ಟಕ್ಕಷ್ಟೇ. ದೊಡ್ಡ ಮಗನ ಮಾತಿಗೆ ಅವಳು ಎಂದೂ ಎದುರು ಹೇಳಿದವಳಲ್ಲ.

"ನಗ್ರಿ ಅತ್ತಿ, ನಗ್ರಿ. ನಿಮ್ಮ ಮಗಾ ಗೆದ್ದ."

"ಗಿಡಕ್ಕ ಯಾಕ ಬೈತಿ? ನೀ ಬದನಿ ಬೆಳದೇ ಇಲ್ಲ. ಬದನಿ ಬೀಜಾ ಹಾಕಿ ಕಬ್ಬು ಬೆಳದಿ."

"ಅಂದ್ರ?"

"ಕಬ್ಬಿನಾಗ ನಾವು ತಿನ್ನೂದು ದಂಟು. ದಂಟು ಉಂಡಷ್ಟೂ ಬೆಳೀತೈತಿ. ಬದನ್ಯಾಗ ನಮಗ ದಂಟು ಬೇಕಾಗೈತೇನು? ಕಾಯಿ ಬೇಕು. ಹೊಟ್ಟಿ ತುಂಬ ಹಾಕಿದ್ರ ಅದು ಯಾಕ ಕಾಯಿ ಬಿಡತೈತಿ? ಹಾಸಗ್ಯಾಗ ಉಂಡ ಮಲಗಿದ ಅಳ್ಯಾ ಎದ್ದು ದುಡೀತಾನೇನು? ಗಿಡಕ್ಕ ಇನ್ನ ಸಾಯತೇನಿ ಅನಸಬೇಕು. ಆವಾಗ ಮಕ್ಕಳಾ ಪಿಳ್ಳಿ ಬಿಟ್ಟ ಹೋಗೂನು ಅಂತ ಹೂ ಹೊಡೀತೈತಿ."

ಗೌರಾಬಾಯಿ ಸೊಂಟದ ಮೇಲೆ ಕೈ ಇಟ್ಟಳು. "ಇದನ್ನ ನನಗ ಮೃಗಶಿರಾ ಮಳ್ಯಾಗ ಹೇಳಾಕ ಏನಾಗಿತ್ರಿ ನಿಮಗ?"

"ನೀ ಕೇಳಿದ್ದೇನು?"

ಗೌರಾಬಾಯಿ ಹೋಗಿ ಹೊಸ್ತಿಲ ಕೆಳಗೆ ಕುಳಿತಳು. "ಈಗ ಕೇಳಾಕತ್ತೇನಿ. ಹೇಳ್ರಿ."

ಅಕ್ಕವ್ವ ಕೋಲೆತ್ತಿ ಹಿತ್ತಲು ತೋರಿಸಿದಳು. "ಇಲ್ಲೆ ನನ್ನ ಹಿತ್ತಲಾ ಇತ್ತು," ಎಂದಳು. "ಬಚ್ಚಲ ನೀರಿಗೆ ಬೆಳೀತಿದ್ದೆ. ಸಂತಿ ಅಂದ್ರ ಉಪ್ಪು ಎಣ್ಣಿ ತರಾಕ ಅಷ್ಟ. ಕಾಲವಿ ನೀರು ಬಂತು, ನಿಮ್ಮ ಮಾವ ಹಿತ್ತಲ ಬಾಗಲತನಕ ಕಬ್ಬು ಹಚ್ಚಿದ. ಹೂವಿನಾಗ ನಿಂತ ಹೀರಿಬಳ್ಳಿ ನನ್ನ ಕಣ್ಣ ಮುಂದ ಕಡದ. ಹೂ ಬಿಟ್ಟ ಬಳ್ಳಿ, ಗೌರಾ! ಬಸರಿ ಇದ್ದಂಗ ಅದು. ನಾ ಒಂದ ಮಾತ ಅನಲಿಲ್ಲ. ಆಮ್ಯಾಲೆ ಕಬ್ಬಿಗೆ ಹೊಲಾ ಸಾಕಾತು, ಈ ಜಾಗಾ ಹಂಗ ಬೀಳು ಬಿತ್ತು. ನನಗ ಮತ್ತ ಕಳೆ ತಗ್ಯೂ ಕುರ್ಚಿಗಿ ಹಿಡ್ಯೂ ಮನಸಾಗಲಿಲ್ಲ."

ಅಷ್ಟು ಹೇಳಿ ಅವಳು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಎದ್ದಳು. ಸೀರೆಯ ನೆರಿಗೆ ಮೇಲೆ ಸಿಗಿಸಿ, "ಕುರ್ಚಿಗಿ ತಾ" ಎಂದಳು.

ಆ ದಿನದಿಂದ ಪೈಪು ಬಂದ್. ಮುದುಕಿ ಕೋಲೂರಿಕೊಂಡು ಹೇಳುವಳು, ಸೊಸೆ ಬಾಗುವಳು. ನಡುವೆ ಇಬ್ಬರೂ ಜಗಳವಾಡುವರು. ಬದನೆಯ ಅರ್ಧಕ್ಕರ್ಧ ಎಲೆ ತೆಗೆದು ಎಮ್ಮೆಗೆ ಹಾಕಿದರು. ಬುಡದ ಮಣ್ಣು ಸಡಿಲಿಸಿ ಒಲೆಯ ಬೂದಿ ಬೆರೆಸಿದರು. ಎಲೆ ಬಾಡಿ ಜೋತುಬಿದ್ದಾಗ ಮಾತ್ರ ಒಂದು ತಂಬಿಗೆ ನೀರು, ಅದೂ ಬುಡದಿಂದ ದೂರ.

"ಇವು ಬಂದ್ರ ಬಂದ್ವು, ಇವುಗಳ ಮ್ಯಾಲೆ ಭಾರಾ ಹಾಕಬ್ಯಾಡ," ಎಂದಳು ಅಕ್ಕವ್ವ. "ಹುಣ್ಣಿಮಿ ಹತ್ರ ಬಂತು. ಬಡವರ ಕೈಗೆ ಲಗೂನ ಬರೂವು ಹಾಕೂನು. ಹೊಸಬರು ಮೊದಲ ಹಾಕೂದು ಇವ್ನ. ನೀ ಸೀದಾ ಬದನಿಗೆ ಹ್ವಾದಿ, ನಡ್ಯಾಕ ಬರದಾಂವ ಓಡಾಕ ಹ್ವಾದಂಗ."

ಮೆಂತ್ಯ ನೆನೆಹಾಕಿ, ಬೂದಿಯಲ್ಲಿ ಹೊರಳಿಸಿ, ದಟ್ಟವಾಗಿ ಚೆಲ್ಲಿ, ಮೇಲೆ ಬೆರಳ ಗೆರೆಯಷ್ಟು ಮಣ್ಣು ಉದುರಿಸಿದರು. ಅದು ವಾರದೊಳಗೆ ಎರಡೆಲೆ ತೆರೆಯಿತು. ರಾಜಗಿರಿ ಬೀಜ ಸಾಸಿವೆಗಿಂತ ಸಣ್ಣದು. ಅದನ್ನು ಮರಳಿನ ಜೊತೆ ಬೆರೆಸಿ ಎರಚಿದರು, ಇಲ್ಲದಿದ್ದರೆ ಎಲ್ಲ ಒಂದೇ ಕಡೆ ಬಿದ್ದು ಕತ್ತು ಹಿಸುಕಿಕೊಳ್ಳುತ್ತವೆ. ಮೂಲಂಗಿಯನ್ನು ಬೋದಿನ ಮೇಲೆ ಊರಿದರು. "ಇದನ್ನ ಕಿತ್ತು ಬ್ಯಾರೆ ಕಡೆ ಹಚ್ಚಬ್ಯಾಡ. ಹುಟ್ಟಿದಲ್ಲೆ ಇರಬೇಕು ಅನ್ನೂದು, ನಿನ್ನಂಗ ಹಟಮಾರಿ," ಎಂದಳು ಅತ್ತೆ. ಚವಳಿಕಾಯಿಗೆ, ಅಂದರೆ ಗೋರಿಕಾಯಿಗೆ, ಗೊಬ್ಬರವೂ ಬೇಡ, ಮಾತೂ ಬೇಡ. ಕಲ್ಲುಮಣ್ಣಿನ ಮೂಲೆಯಲ್ಲಿ ಊರಿ ಮರೆತರೂ ಗೊಂಚಲು ಬಿಟ್ಟಿತು. ಮೂಲೆಯಲ್ಲಿ ಬಿದ್ದ ಪುಂಡಿ ಮಾತ್ರ ಯೂರಿಯಾ ತಿಂದೂ ಚೆನ್ನಾಗಿತ್ತು. ಸೊಪ್ಪು ತಾನೆ, ಕೊಬ್ಬಿದರೆ ಯಾರಿಗೆ ನಷ್ಟ? ಅದರ ತುದಿ ಚಿವುಟಿದಷ್ಟೂ ಪಕ್ಕದಲ್ಲಿ ಒಡೆಯಿತು.

"ಅವರಿ?" ಎಂದು ಕೇಳಿದಳು ಗೌರಾಬಾಯಿ. ಅದು ನಾಲ್ಕೂ ಕಂಬ ಸುತ್ತಿ ಮೇಲೆ ಹಸಿರು ಮಾಳಿಗೆ ಹಾಕಿತ್ತು, ಒಂದು ಮೊಗ್ಗಿಲ್ಲ.

"ಅದಕ್ಕ ನಿನ್ನ ಯೂರಿಯಾದ್ದೂ ದರಕಾರ ಇಲ್ಲ, ನನ್ನ ಬೂದೀದೂ ಇಲ್ಲ. ಥಂಡಿ ಗಾಳಿ ಬೀಸೂತನಕ ಅದು ಯಾರ ಮಾತೂ ಕೇಳೂದಿಲ್ಲ. ಕಾಯಬೇಕು."

ಹುಣ್ಣಿಮೆಯ ಮುಂಜಾನೆ ಗೌರಾಬಾಯಿ ಮೊರ ತುಂಬ ಹರಿದು ತಂದಳು: ಮೆಂತ್ಯ, ರಾಜಗಿರಿ, ಪುಂಡಿ, ಮಣ್ಣು ಹತ್ತಿದ ಬಿಳಿ ಮೂಲಂಗಿ, ಚವಳಿಕಾಯಿ. ಐದು. ಬದನೆ ಗಿಡ ಉಪವಾಸಕ್ಕೆ ಹೆದರಿ ಹೂ ಬಿಟ್ಟಿತ್ತು, ನೇರಳೆ ಹೂ. ಕಾಯಿ ಮಾತ್ರ ಇರಲಿಲ್ಲ. ಇರಲಿ. ಭಾವ ಐದು ಎಂದಿದ್ದ, ಐದು ಬಂದಿದ್ದವು.

ಅಡುಗೆಮನೆಗೆ ಬಂದಾಗ ತಾರವ್ವ ಒಲೆಯ ಮುಂದೆ ತಲೆ ಬಗ್ಗಿಸಿ ಬದನೆಕಾಯಿ ಸೀಳುತ್ತಿದ್ದಳು. ಪಕ್ಕದಲ್ಲಿ ಬುಟ್ಟಿ ತುಂಬ ಮಿರಿಮಿರಿ ಬದನೆಕಾಯಿ.

"ಎಲ್ಲೀವಕ್ಕಾ ಇವು?"

"ನಿನ್ನಿ ಸಂತ್ಯಾಗ ತರಸ್ಯಾರ," ಎಂದಳು ತಾರವ್ವ ಮೆಲ್ಲಗೆ. "ಎಣ್ಣಿಗಾಯಿ ಇಲ್ಲದ ಚರಗಾ ಆಗೂದಿಲ್ಲಂತ. ಬದನಿ ಬರಲಿಲ್ಲಂದ್ರ ಐದೂ ಲೆಕ್ಕಕ್ಕಿಲ್ಲಂತ. ನನಗೇನ ಬೈಬ್ಯಾಡ ಗೌರಾ, ನಾ ಹೇಳಿದ್ದ ಮಾಡಾಕಿ."

"ನಾ ಯಾಕ ಬೈಲಿ? ಮಾಡ್ರಿ. ಉಪ್ಪು ಖಾರಾ ಬರಾಬರ ಹಾಕ್ರಿ. ತಿನ್ನಾವರಿಗೆ ರುಚಿ ಹತ್ತಬೇಕಲ್ಲ."

ಹೊಲದಲ್ಲಿ ಐದು ಕಲ್ಲಿಗೆ ಕುಂಕುಮ ಹಚ್ಚಿದ್ದಾಯಿತು, ಕಾಯಿ ಒಡೆದದ್ದಾಯಿತು. ಗೌರಾಬಾಯಿ ಚರಗದ ಬುಟ್ಟಿಯಲ್ಲಿ ತನ್ನ ಐದು ಪಲ್ಯ ಹಾಕಿ ಕಲಸಲು ಕೈ ಇಟ್ಟಳು. ಬಾಬಾಸಾಹೇಬ ತಾನೇ ಎದ್ದು ಬಂದು, ಎಣ್ಣೆಗಾಯಿಯ ಪಾತ್ರೆ ಅವಳ ಮುಂದೆ ಕುಕ್ಕಿ, ತಮ್ಮನಿಗೆ ಹೇಳಿದ: "ಇದನ್ನೂ ಕಲಸಂತ ಹೇಳು. ಮತ್ತ ನಾಳೆ ಮಲಕಾರಿ ತಗಡು ತಗೊಂಡು ಬರ್ತಾನ, ಅದನ್ನೂ ಹೇಳು. ಸೊಪ್ಪು ಬೆಳದು ಹಿತ್ತಲಾ ಗೆಲ್ಲಾಕ ಇದೇನು ಆಡಿನ ಜಾತ್ರಿ ಅಲ್ಲ."

ಧರೆಪ್ಪ ತಂಬಾಕಿಗೆ ಸುಣ್ಣ ಹಚ್ಚುತ್ತಿದ್ದ. ಅವನು ಬಾಯಿ ತೆರೆಯುವ ಮೊದಲೇ ಗೌರಾಬಾಯಿ ಎದ್ದು ನಿಂತಳು. ಪಾತ್ರೆಯನ್ನು ಎತ್ತಿ ಬುಟ್ಟಿಯಿಂದ ಆಚೆ ಇಟ್ಟಳು. ತಲೆಯ ಸೆರಗು ಸರಿಮಾಡಿಕೊಂಡಳು. ಇಳಿಸಲಿಲ್ಲ, ಹಿಂದಕ್ಕೂ ಸರಿಯಲಿಲ್ಲ.

"ಭಾವಾರ," ಎಂದಳು.

ತಾರವ್ವನ ಕೈಯಲ್ಲಿದ್ದ ತಂಬಿಗೆ ಓರೆಯಾಗಿ ನೀರು ಅವಳ ಕಾಲ ಮೇಲೆ ಸುರಿಯಿತು.

"ಭಾವಾರ, ನಿಮ್ಮ ಜೋಡಿನ ಮಾತಾಡಾಕತ್ತೇನ್ರಿ, ಅತ್ತಾಗ ಇತ್ತಾಗ ನೋಡಬ್ಯಾಡ್ರಿ. ಐದ ಪಲ್ಯಾ ಅಂತ ಇದ ಜಾಗಾದಾಗ ನಿಂತ ಅಂದವ್ರು ನೀವು. ಬದನಿ ಹೆಸರು ತಗದಿದ್ದಿಲ್ಲ. ಐದ ಬಂದಾವು, ಎಣಿಸಿ ತಗೋರಿ. ಇನ್ನ ಈ ಎಣ್ಣಿಗಾಯಿ. ಹೋದ ವರ್ಷ ಇದ ಬಸರಿಗೆ ಹುಳಾ ತಿನಸಾಕ ಹೊಂಟಿದ್ರಿ. ಈ ವರ್ಷ ನಾ ಬಿಡೂದಿಲ್ಲ. ಆಕಿ ಬಯಕಿಗೆ ಆಕಿ ಮಣ್ಣಿಂದ ಹುಟ್ಟಿದ್ದು ಬೀಳಬೇಕು. ಬದನಿ ಬೇಕಂತ ಆಕಿ ನಿಮ್ಮ ಕಿವ್ಯಾಗ ಬಂದು ಹೇಳಿದ್ರ ಹೇಳ್ರಿ, ನಾ ಈಗ ಹಿತ್ತಲಾ ಬಿಡತೇನಿ."

ತಮ್ಮನ ಹೆಂಡತಿಗೆ ನೇರ ಉತ್ತರ ಕೊಟ್ಟರೆ ಇಷ್ಟು ವರ್ಷದ ದೊಡ್ಡಸ್ತಿಕೆ ಮಣ್ಣುಪಾಲು, ಕೊಡದಿದ್ದರೆ ಸೋತಂತೆ. ಬಾಬಾಸಾಹೇಬ ತಮ್ಮನ ಕಡೆ ತಿರುಗಿದ. "ಧರೆಪ್ಪಾ! ಹೇಳಲೇ ನಿನ್ನ ಹೇಂತಿಗಿ!"

ಧರೆಪ್ಪ ತಂಬಾಕು ತುಟಿಯ ಒಳಗಿಟ್ಟ. ಅಂಗೈ ಝಾಡಿಸಿದ. "ನೀನ ಹೇಳಣ್ಣಾ," ಎಂದ ನಿಧಾನವಾಗಿ. "ಆಕಿ ನಿನಗ ಮಾತಾಡಾಕತ್ತಾಳ. ನಡುವ ನಂದೇನೈತಿ?"

ಆಗ ಅಕ್ಕವ್ವ ಮುಂದೆ ಬಂದಳು. ಯಾರಿಗೂ ಏನೂ ಹೇಳದೆ ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡಳು, ಪುಂಡಿ ಮೆಂತ್ಯ ಬೆರೆತ ಅನ್ನದ ಒಂದು ಹಿಡಿ ಎತ್ತಿ ಕಬ್ಬಿನ ಸಾಲಿನ ಮೇಲೆ ಬೀಸಿದಳು. "ಹುಲ್ಲುಲ್ಲಿಗ್ಯೋ!" ಎಂದು ಚರಗದ ಕೂಗು ಹಾಕಿದಳು. ಮುದುಕಿಯ ದನಿ ಅಷ್ಟು ದೂರ ಹೋಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಹೊಲದವರು ಎದ್ದು ನೋಡಿದರು. ಹಿಂದೆ ನೀರು ಚಿಮುಕಿಸುತ್ತ ನಡೆದವಳು ತಾರವ್ವ. ಬಾಬಾಸಾಹೇಬ ಎಣ್ಣೆಗಾಯಿಯ ಪಾತ್ರೆಯ ಜೊತೆ ಬದುವಿನ ಮೇಲೆ ಉಳಿದ.

ಆದರೂ ಅವನು ಬಿಡುವ ಗಂಡಸಲ್ಲ. ಮರುದಿನ ಮಲಕಾರಿ ತಗಡಿನ ಗಾಡಿ ಹಿತ್ತಲಿಗೆ ತಂದ. ನಿಚ್ಚಣಿಕೆ ಇಟ್ಟು ಕಂಬ ಹತ್ತಿದವನು ಅಲ್ಲೇ ನಿಂತುಬಿಟ್ಟ.

"ಏನಾತಲೇ?" ಎಂದ ಬಾಬಾಸಾಹೇಬ ಕೆಳಗಿನಿಂದ.

"ಸಾವಕಾರ್ರ, ಹೂ ಬಿಟ್ಟೈತ್ರಿ."

ಆ ವಾರದಲ್ಲೇ ಮುಂಜಾನೆ ಗಾಳಿ ತಣ್ಣಗೆ ಬೀಸತೊಡಗಿತ್ತು. ಹಸಿರು ಮಾಳಿಗೆಯ ಮೇಲೆ, ಕೆಳಗೆ ನಿಂತವರಿಗೆ ಕಾಣದ ಕಡೆ, ಅವರೆ ಗೊನೆಗೊನೆಯಾಗಿ ಹೂ ನಿಲ್ಲಿಸಿತ್ತು. ಬಿಳಿಯ ನಡುವೆ ನಸುನೇರಳೆ.

"ಕಡದ ಒಗಿ!"

"ಹೂ ಬಿಟ್ಟ ಬಳ್ಳಿಗೆ ಕುಡಗೋಲ ಹಚ್ಚಂಗಿಲ್ರಿ. ನನ್ನ ಮನ್ಯಾಗೂ ಬಸರಿ ಅದಾಳ್ರಿ." ಮಲಕಾರಿ ಇಳಿದು ನಿಚ್ಚಣಿಕೆಯನ್ನು ಗೋಡೆಗೆ ಆನಿಸಿದ.

ಬಾಬಾಸಾಹೇಬ ಅವನ ಕೈಯಿಂದ ಕುಡುಗೋಲು ಕಸಿದುಕೊಂಡು ಬಳ್ಳಿಯ ಬುಡಕ್ಕೆ ಬಂದ. ಬುಡದಲ್ಲಿ ಗೌರಾಬಾಯಿ ನಿಂತಿದ್ದಳು. ಕೈಗೆ ಮೂಲಂಗಿ ಕಿತ್ತ ಮಣ್ಣು ಹತ್ತಿತ್ತು.

"ಯಾರರ ಸರಸ್ರಿ ಅಕಡೆ ಆಕೀನ್ನ!" ಎಂದ ಅವನು ಗಾಳಿಗೆ. ತಾನು ಮುಟ್ಟುವಂತಿಲ್ಲ, ಮಾತಾಡುವಂತಿಲ್ಲ.

"ಯಾರು ಸರಸ್ತಾರ್ರಿ?" ಎಂದಳು ಗೌರಾಬಾಯಿ. "ಕಡೀರಿ ಭಾವಾರ. ನಾ ಅಡ್ಡ ನಿಂತೇನಿ ಖರೆ, ನಿಮ್ಮ ಕೈ ಉದ್ದ ಐತೆಲ್ಲ, ಮಗ್ಗಲದಿಂದ ಹಚ್ರಿ. ಆದ್ರ ಒಂದ ಮಾತ ನೆನಪಿರ್ಲಿ. ಈ ಬಳ್ಳಿ ಬಿದ್ರ ನಾಳೆ ಇನ್ನೊಂದ ಬೀಜಾ ಊರತೇನಿ. ನಿಮ್ಮ ಶೆಡ್ಡಿನ ಮ್ಯಾಲೆ ಹಬ್ಬಸ್ತೇನಿ. ಟ್ರ್ಯಾಕ್ಟರಿನ ಸ್ಟೇರಿಂಗಿಗೆ ಸುತ್ತಸ್ತೇನಿ. ನೀವು ಕಡ್ಯಾಕ ಬ್ಯಾಸರಾಗಬೇಕು, ನನಗ ಊರಾಕ ಬ್ಯಾಸರಾಗೂದಿಲ್ಲ."

ಹೊಸ್ತಿಲ ಮೇಲೆ ಎಲೆ ಅಡಿಕೆ ಕುಟ್ಟುವ ಸದ್ದು ನಿಂತಿತು. ಬಾಬಾಸಾಹೇಬ ತಿರುಗಿದ. ತಾಯಿ ಅವನನ್ನೇ ನೋಡುತ್ತಿದ್ದಳು.

"ಹಚ್ಚಪಾ ಬಾಬಾ," ಎಂದಳು ಅಕ್ಕವ್ವ. "ನಿಮ್ಮಪ್ಪನೂ ಇಲ್ಲೇ ನಿಂತ ಕಡದಿದ್ದ. ಅವತ್ತ ನಾ ಸುಮ್ಮ ಕುಂತಿದ್ದೆ. ಇವತ್ತ ಸುಮ್ಮ ಕುಂಡ್ರೂದಿಲ್ಲ."

ಕುಡುಗೋಲು ಮೆಂತ್ಯದ ಮಡಿಯಲ್ಲಿ ಬಿತ್ತು. ಬಾಬಾಸಾಹೇಬ ಹೊರಗೆ ಹೋಗಿ ತಗಡಿನ ಗಾಡಿಯವನಿಗೆ ಕಾರಣವಿಲ್ಲದೆ ಒಂದಿಷ್ಟು ಬೈದ. ಟ್ರ್ಯಾಕ್ಟರಿಗೆ ಮನೆಯ ಮುಂದೆಯೇ ತಾಡಪತ್ರಿ ಹೊದಿಸಿದರು. ಹುಡುಗರು ಅದರೊಳಗೆ ನುಸುಳಿ ಸ್ಟೇರಿಂಗ್ ತಿರುವುವುದು ನಿಲ್ಲಲಿಲ್ಲ.

ದೀಪಾವಳಿ ಕಳೆದ ಮೇಲೆ ಬದನೆ ಕಾಯಿ ಬಿಟ್ಟಿತು. ಸಣ್ಣವು, ಮುಳ್ಳುತೊಟ್ಟಿನವು, ಸಂತೆಯ ಕಾಯಿಯಷ್ಟು ಮಿಂಚಿಲ್ಲ. ಗೌರಾಬಾಯಿ ಯಾರನ್ನೂ ಕೇಳದೆ ಹರಿದಳು, ಎಣ್ಣೆಗಾಯಿ ಮಾಡಿದಳು. ಅಣ್ಣತಮ್ಮಂದಿರು ಊಟಕ್ಕೆ ಕುಳಿತರು, ತಾರವ್ವ ಬಡಿಸಿದಳು. ಬಾಬಾಸಾಹೇಬ ಒಂದು ಕಾಯಿ ಮುರಿದು ಒಳಗೆ ಬಹಳ ಹೊತ್ತು ಹುಡುಕಿದ. ಹುಳ ಸಿಗಲಿಲ್ಲ. ತಿಂದ. ಇನ್ನೊಂದು ಹಾಕಿಸಿಕೊಂಡ. ಅದನ್ನೂ ತಿಂದ. ಮೂರನೆಯದಕ್ಕೆ ತಾಟು ಮುಂದೆ ಚಾಚುವ ಮೊದಲು ಏನಾದರೂ ಅನ್ನಲೇಬೇಕಾಗಿತ್ತು.

"ಧರೆಪ್ಪಾ," ಎಂದ. "ಉಪ್ಪು ಕಡಿಮಿ ಆಗೈತಿ ಅಂತ ಹೇಳು."

ಧರೆಪ್ಪ ತಲೆ ಎತ್ತದೆ ರೊಟ್ಟಿ ಮುರಿಯುತ್ತಿದ್ದ.

ಅಡುಗೆಮನೆಯೊಳಗಿಂದ ದನಿ ಬಂತು, ನೇರ, ನಡುವೆ ಯಾರೂ ಇಲ್ಲದೆ:

"ಉಪ್ಪಿನ ಭರಣಿ ನಿಮ್ಮ ಮಗ್ಗಲಕ್ಕ ಐತ್ರಿ, ಭಾವಾರ. ಕೈ ಚಾಚ್ರಿ."